ರಜೆಯ ದಿನ ಒಂದೇ, ಕೆಲಸ ಮೂರು: ಕೌದಿ, ಮನೆ ಮತ್ತು ಕೈತೋಟವನ್ನು ನೀವು ಹೇಗೆ ಹೊಂದಿಸುತ್ತೀರಿ?

ಮಳೆಗಾಲದ ಸೂಜಿ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಪೇಟೆಯಿಂದ ಸ್ವಲ್ಪ ಹೊರಗೆ, ಐದು ಸೆಂಟು ಜಾಗದಲ್ಲಿರುವ ಮನೆಯಲ್ಲಿ ಗಂಡ, ಅತ್ತೆ ಮತ್ತು ಹೈಸ್ಕೂಲಿಗೆ ಹೋಗುವ ಮಗನೊಂದಿಗೆ ಇದ್ದೇನೆ. ಬ್ಯಾಂಕಿನಲ್ಲಿ ಕೆಲಸ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ಇರುವುದರಿಂದ ತಿಂಗಳಿಗೆ ಆರೇಳು ದಿನ ನನ್ನ ಕೈಗೆ ಸಿಗಬೇಕು. ಶಾಖೆಯಲ್ಲಿ ಸಂಜೆ ತಾಳೆಯಾಗುವ ಲೆಕ್ಕ ಮನೆಯಲ್ಲಿ ಮಾತ್ರ ಯಾವ ಭಾನುವಾರವೂ ತಾಳೆಯಾಗುತ್ತಿಲ್ಲ.

ಎರಡು ವರ್ಷಗಳ ಹಿಂದೆ, ಅಮ್ಮನ ಹಳೆಯ ಹತ್ತಿ ಸೀರೆಗಳನ್ನು ಎಸೆಯಲು ಮನಸ್ಸಾಗದೆ ಕೌದಿ ಹೊಲಿಯಲು ಕುಳಿತೆ. ಮೊದಲನೆಯದು ಮಗನ ಹಾಸಿಗೆಯ ಮೇಲಿದೆ. ಅದರ ಮೂಲೆಗಳು ಒಂದಕ್ಕೊಂದು ಕೂಡಿಲ್ಲವೆಂಬುದು ಹೊದ್ದು ಮಲಗುವವನಿಗೆ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ. ಎರಡನೆಯದನ್ನು ಅಚ್ಚುಕಟ್ಟಾಗಿ ಮಾಡಬೇಕೆಂದು 60 ಇಂಚು ಅಗಲ, 84 ಇಂಚು ಉದ್ದದ ಅಳತೆ ಇಟ್ಟುಕೊಂಡು, 12 ಇಂಚಿನ ಬ್ಲಾಕುಗಳನ್ನು (ತುಂಡುಗಳನ್ನು ಕೂಡಿಸಿ ಹೊಲಿದ ಚೌಕಗಳನ್ನು) ಅಡ್ಡಕ್ಕೆ 5, ಉದ್ದಕ್ಕೆ 7ರಂತೆ ಜೋಡಿಸುವುದೆಂದು ತೀರ್ಮಾನಿಸಿದೆ. ಒಟ್ಟು 35 ಬ್ಲಾಕು ಬೇಕು. ಯುಗಾದಿಗೆ ಆರಂಭಿಸಿದ್ದು, ಈಗ ಜುಲೈ ನಡುವಿನಲ್ಲಿ ಶುರುವಾಗುವ ನಮ್ಮ ಮಳೆಯ ತಿಂಗಳು ಕಕ್ಕಡ ಬಂದಿದೆ, ಆಗಿರುವುದು 9.

ಸಮಯ ಎಲ್ಲಿ ಹೋಗುತ್ತದೆಂದು ಕಳೆದ ಭಾನುವಾರ ಬರೆದಿಟ್ಟು ನೋಡಿದೆ. ಬೆಳಗಿನ ರೊಟ್ಟಿ, ಚಟ್ನಿ ಮುಗಿಯುವಾಗ ಒಂಬತ್ತೂವರೆ. ವಾರದ ಬಟ್ಟೆ ಒಗೆದು, ಒಣಗದ ಹಿಂದಿನ ವಾರದ ಬಟ್ಟೆಯನ್ನು ಹಂಡೆ ಒಲೆಯ ಮೇಲಿನ ಹಗ್ಗಕ್ಕೆ ವರ್ಗಾಯಿಸುವಷ್ಟರಲ್ಲಿ ಹನ್ನೊಂದೂವರೆ. ಮಳೆ ಸ್ವಲ್ಪ ಹೊಳವಾದದ್ದನ್ನು ಕಂಡು ತೋಟಕ್ಕಿಳಿದೆ. ಚರಂಡಿಯಲ್ಲಿ ಎಲೆ ತುಂಬಿತ್ತು, ಸೀಮೆಬದನೆಯ ಚಪ್ಪರದ ಒಂದು ಗೂಟ ವಾಲಿತ್ತು. ಅರ್ಧ ಗಂಟೆಯ ಕೆಲಸವೆಂದು ಹೋದವಳು ಮರಳಿದ್ದು ಒಂದೂವರೆಗೆ. ಅಡುಗೆ, ಊಟ, ಪಾತ್ರೆ. ಊಟದ ಮೇಜನ್ನು ಒರೆಸಿ ಮಿಷನ್ ಎತ್ತಿಟ್ಟು, ಬಾಬಿನ್‌ಗೆ ದಾರ ಸುತ್ತಿ, ಹಿಂದಿನ ವಾರ ಎಲ್ಲಿಗೆ ನಿಲ್ಲಿಸಿದ್ದೆನೆಂದು ಹುಡುಕಿದಾಗ ನಾಲ್ಕು ಗಂಟೆ. ನಾಲ್ಕೂವರೆಗೆ ಕರೆಂಟು ಹೋಯಿತು. ಏಳಕ್ಕೆ ಮೇಜು ಮತ್ತೆ ಊಟಕ್ಕೆ ಬೇಕು.

ಇದಕ್ಕಿಂತ ನೋವಾದದ್ದು ಬೇರೆ. ತೋಟದಿಂದ ಬಂದು ಕೈಕಾಲು ತೊಳೆದೇ ಕುಳಿತಿದ್ದೆ, ಆದರೆ ಹಿಮ್ಮಡಿಯ ಮೇಲೆ ಜಿಗಣೆಯೊಂದು ಉಳಿದಿದ್ದನ್ನು ಗಮನಿಸಿರಲಿಲ್ಲ. ಮಡಿಲಿನಿಂದ ಕೆಳಗೆ ಇಳಿಬಿದ್ದಿದ್ದ ಬಿಳಿ ತುಂಡಿನ ಮೇಲೆ ನಾಲ್ಕಾಣೆ ಗಾತ್ರದ ರಕ್ತದ ಕಲೆ. ಅವಸರದಲ್ಲಿ ಬಿಸಿನೀರು ಹಾಕಿ ತಿಕ್ಕಿದೆ, ಅದು ಕಂದಾಗಿ ಕುಳಿತುಬಿಟ್ಟಿತು.

ನನ್ನ ಪ್ರಶ್ನೆ ಇಷ್ಟೇ. ಹೊರಗೆ ದುಡಿದು ಬಂದು, ರಜೆಯ ದಿನದಲ್ಲಿ ಈ ಮೂರನ್ನೂ ಮಾಡುವವರು ಯಾವುದನ್ನು ಮೊದಲು ಹಿಡಿಯುತ್ತೀರಿ, ಯಾವುದನ್ನು ಬಿಟ್ಟುಕೊಡುತ್ತೀರಿ? ಬೆಳಿಗ್ಗೆಯೇ ಹೊಲಿಗೆಗೆ ಕುಳಿತರೆ ಒಗೆಯುವ ಬಟ್ಟೆಯ ರಾಶಿ ಬೆನ್ನ ಹಿಂದೆ ನಿಂತು ನೋಡುತ್ತಿದೆಯೆನ್ನಿಸುತ್ತದೆ.

ನಿವೃತ್ತ ಟೀಚರ್, ಸೋಮವಾರಪೇಟೆ

ತಂಗಿ, ನಿಮ್ಮ ಭಾನುವಾರದ ಪಟ್ಟಿಯನ್ನು ಓದುವಾಗ ಇಪ್ಪತ್ತು ವರ್ಷಗಳ ಹಿಂದಿನ ನನ್ನ ಭಾನುವಾರವನ್ನೇ ಓದಿದಂತಾಯಿತು. ನನ್ನ ಅನುಭವದಲ್ಲಿ ಈ ಮೂರನ್ನು ಒಂದು ದಿನದೊಳಗೆ ಹೊಂದಿಸಲು ಹೊರಟರೆ ಎಂದಿಗೂ ಆಗುವುದಿಲ್ಲ. ವರ್ಷದೊಳಗೆ ಹೊಂದಿಸಬಹುದು, ಏಕೆಂದರೆ ನಮ್ಮ ಕೊಡಗಿನ ಮಳೆಯೇ ಅರ್ಧ ಹಂಚಿಕೆಯನ್ನು ಮಾಡಿಟ್ಟಿದೆ.

ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಕೈತೋಟ ನಿಮ್ಮಿಂದ ಕೇಳುವುದು ಬಹಳ ಕಡಿಮೆ. ನೀರು ನಿಲ್ಲದಂತೆ ಚರಂಡಿ ಬಿಡಿಸುವುದು, ವಾಲಿದ್ದಕ್ಕೆ ಗೂಟ ಕೊಡುವುದು, ಸಂಜೆ ಬಸವನಹುಳು ಆರಿಸಿ ಉಪ್ಪುನೀರಿಗೆ ಹಾಕುವುದು, ಇಷ್ಟೇ. ಈ ತಿಂಗಳುಗಳಲ್ಲಿ ಕಳೆ ಕೀಳುವುದು ಶುದ್ಧ ದಂಡ. ಕಿತ್ತ ಕಳೆ ಮಳೆಗೆ ಅಲ್ಲಿಯೇ ಮತ್ತೆ ಬೇರು ಬಿಡುತ್ತದೆ, ತುಳಿದ ಮಣ್ಣು ಗಟ್ಟಿಯಾಗುತ್ತದೆ, ಜಿಗಣೆ ಉಚಿತವಾಗಿ ಸಿಗುತ್ತದೆ. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬ ಕಳೆದು ಮಳೆ ಇಳಿಮುಖವಾದ ಮೇಲೆ ಪಾತಿ ಸಡಿಲಿಸಿ, ಅಕ್ಟೋಬರಿನಲ್ಲಿ, ಕಾವೇರಿ ಸಂಕ್ರಮಣದ ಆಚೆ ಈಚೆ ಗುಲಾಬಿ ಸವರಿ, ಬೀನ್ಸ್, ಮೂಲಂಗಿ, ನವಿಲುಕೋಸು, ಕೊತ್ತಂಬರಿಯ ಬೀಜ ಹಾಕಿದರೆ ಅಲ್ಲಿಂದ ತೋಟದ ಸರದಿ. ಜನವರಿಯಿಂದ ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ ನೀರು ಹೊರುವ ಕೆಲಸವಿರುತ್ತದೆ, ಅದೂ ಬುಡಕ್ಕೆ ಒಣ ತರಗೆಲೆಯನ್ನು ನಾಲ್ಕು ಬೆರಳು ದಪ್ಪಕ್ಕೆ ಹಾಸಿದ್ದರೆ ದಿನ ಬಿಟ್ಟು ದಿನ ಸಾಕಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಶುಂಠಿ, ಅರಿಶಿನ, ಡೇಲಿಯಾ ಗೆಡ್ಡೆಗಳನ್ನು ನೆಟ್ಟು ಚರಂಡಿ ತೋಡಿಟ್ಟರೆ ಮತ್ತೆ ಮಳೆಯವರೆಗೆ ನಿಶ್ಚಿಂತೆ.

ಇನ್ನು ಹೊಲಿಗೆ. ನಿಮಗೆ ಸಮಯ ಹೋಗುತ್ತಿರುವುದು ಹೊಲಿಯುವುದರಲ್ಲಲ್ಲ, ಹೊಲಿಯಲು ಅಣಿಯಾಗುವುದರಲ್ಲಿ. ಒಂದೊಂದೇ ಬ್ಲಾಕನ್ನು ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಮುಗಿಸುತ್ತಿದ್ದೀರಿ ಎಂದು ಊಹಿಸುತ್ತೇನೆ. 12 ಇಂಚಿನ ಬ್ಲಾಕಿಗೆ ನಾಲ್ಕು ಚೌಕವೆಂದು ಇಟ್ಟುಕೊಂಡರೆ, ಸುತ್ತಲೂ ಕಾಲಿಂಚು ಹೊಲಿಗೆಗೆ ಬಿಟ್ಟು ಇಡೀ ಕೌದಿಯ 35 ಬ್ಲಾಕಿಗೆ ಆರೂವರೆ ಇಂಚಿನ ಚೌಕಗಳು 140 ಬೇಕು. ಅವಷ್ಟನ್ನೂ ಬಿಸಿಲಿರುವ ಒಂದು ರಜೆಯಲ್ಲಿ ಕತ್ತರಿಸಿ, ಎರಡೆರಡನ್ನು ಜೋಡಿ ಮಾಡಿ ಡಬ್ಬಿಯಲ್ಲಿ ಇಟ್ಟುಬಿಡಿ. ಆಮೇಲೆ ಜೋಡಿಗಳನ್ನು ದಾರ ಕತ್ತರಿಸದೆ ಒಂದರ ಹಿಂದೆ ಒಂದರಂತೆ ಮಿಷನ್ನಿಗೆ ಕೊಡುತ್ತಾ ಹೋದರೆ ಮಲ್ಲಿಗೆ ಸರದಂತೆ ಹೊರಬರುತ್ತವೆ. 70 ಜೋಡಿ, ಆ ಮೇಲೆ ಅವನ್ನು ಕೂಡಿಸುವ 35 ಹೊಲಿಗೆ, ಒಟ್ಟು 105 ಹೊಲಿಗೆಗಳು. ಲೆಕ್ಕ ಹೀಗೆ ಕಣ್ಣೆದುರಿಗಿದ್ದರೆ ಬ್ಯಾಂಕಿನಿಂದ ಬಂದ ಮೇಲೂ ಹದಿನೈದು ನಿಮಿಷ ಕುಳಿತು ಹತ್ತು ಹೊಲಿಗೆ ಮುಗಿಸಬಹುದು. ಭಾನುವಾರಕ್ಕೆ ಕಾಯುವ ಅಗತ್ಯವಿಲ್ಲ. ಕರೆಂಟಿನ ಚಿಂತೆಗೆ ಕಾಲುಮಿಷನ್ನಿಗಿಂತ ಒಳ್ಳೆಯ ಮದ್ದಿಲ್ಲ. ಹಳೆಯ ಕಾಲುಮಿಷನ್ ಯಾರ ಮನೆಯ ಅಟ್ಟದಲ್ಲಾದರೂ ಇರುತ್ತದೆ, ಕೇಳಿ ನೋಡಿ.

ರಕ್ತದ ಕಲೆಗೆ ಬಿಸಿನೀರು ಎಂದಿಗೂ ಹಾಕಬಾರದು. ತಣ್ಣೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ ಮೃದುವಾಗಿ ತಿಕ್ಕಬೇಕು. ಸೂಜಿ ಚುಚ್ಚಿ ಬಂದ ಸಣ್ಣ ಹನಿಯಾದರೆ ಎಂಜಲು ಹಚ್ಚಿ ಒರೆಸುವುದು ಹೊಲಿಯುವವರೆಲ್ಲ ಬಲ್ಲ ಹಳೆಯ ಉಪಾಯ.

ಹಳಿಯಾಳದ ಮಗಳು, ಕುಶಾಲನಗರದ ಸೊಸೆ

ಟೀಚರಮ್ಮ ಹೇಳಿದ ವರ್ಷದ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಒಂದು ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಮಳೆಗಾಲವಿಡೀ ಹೊಲಿಗೆ ಎನ್ನುವುದು ಕೇಳಲು ಚೆನ್ನ, ಆದರೆ ಮಡಿಕೇರಿಯ ಥಂಡಿಯಲ್ಲಿ ಬಟ್ಟೆಯೇ ಮೊದಲ ಶತ್ರುವಾಗುತ್ತದೆ. ನಮ್ಮ ಕುಶಾಲನಗರದಲ್ಲಿ ಅಷ್ಟು ಮಳೆಯಿಲ್ಲ, ಆದರೂ ಒಂದು ಸಲ ಮೇಲಿನ ಬಟ್ಟೆ, ನಡುವಿನ ಹತ್ತಿ, ಅಡಿಬಟ್ಟೆ, ಹೀಗೆ ಮೂರು ಪದರವನ್ನೂ ಕಚ್ಚಾ ಹೊಲಿಗೆ ಹಾಕಿ ಸುತ್ತಿಟ್ಟು, ನೆಂಟರ ಮದುವೆ ಮುಗಿಸಿ ಹದಿನೈದು ದಿನದ ಮೇಲೆ ಬಿಚ್ಚಿದಾಗ ಒಳಗೆ ಕಪ್ಪು ಚುಕ್ಕಿ ಚುಕ್ಕಿಯಾಗಿ ಬೂಷ್ಟು ಹಿಡಿದಿತ್ತು. ಹತ್ತಿಯ ಪದರ ಸೇರಿದ ಮೇಲೆ ಕೌದಿಯನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳಲೇಬಾರದು. ಮೇಲಿನ ಪದರವಷ್ಟೇ ಮಳೆಗಾಲದ ಕೆಲಸ. ಹತ್ತಿ ಹಾಸಿ, ಪದರ ಕೂಡಿಸಿ, ಅಂಚು ಕಟ್ಟುವ ಕೆಲಸವನ್ನು ಡಿಸೆಂಬರ್, ಜನವರಿಗೆ ಬಿಡಿ. ಮುಗಿದ ಕೂಡಲೇ ಒಗೆದು ಬಿಸಿಲಿಗೆ ಹರಡಲೂ ಆಗುತ್ತದೆ.

ಎರಡನೆಯದು, ನೀವು ಮೇಜಿಗೆ ಕಟ್ಟುಬಿದ್ದಿದ್ದೀರಿ. ನನ್ನ ತವರು ಹಳಿಯಾಳದ ಕಡೆ. ಅಲ್ಲಿ ಕೌದಿಗೆ ಮೇಜೂ ಇಲ್ಲ, ಮಿಷನ್ನೂ ಇಲ್ಲ. ಬಯಲುಸೀಮೆಯವರು ಹೊಲದ ಕೆಲಸ ಇಲ್ಲದ ಬೇಸಿಗೆಯಲ್ಲಿ ಪಡಸಾಲೆಯಲ್ಲಿ ಕುಳಿತು ಕೈಯಲ್ಲೇ ಹೊಲಿಯುತ್ತಾರೆ. ನಮ್ಮೂರಿನ ಸುತ್ತ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಾಡಂಚಿನಲ್ಲಿರುವ ಸಿದ್ದಿ ಹೆಂಗಸರ ಪದ್ಧತಿ ಇನ್ನೂ ಚೆನ್ನ. ಬ್ಲಾಕಿನ ಅಳತೆಯೇ ಅವರಿಗೆ ಬೇಕಿಲ್ಲ. ಅಡಿಗೆ ಒಂದು ಸೀರೆ ಹಾಸಿ, ಅಂಚಿನಿಂದ ತುಂಡುಗಳನ್ನು ಇಡುತ್ತಾ ಸಾಲು ಸಾಲಾಗಿ ಹೊಲಿದು, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಪದರ ಪದರವಾಗಿ ಕೂರಿಸುವುದಕ್ಕೆ ‘ಫೂಲ’ ಎನ್ನುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಕೌದಿಯೆಂದು ಅವರ ಮಾತು. ಕೈಹೊಲಿಗೆಯ ದೊಡ್ಡ ಅನುಕೂಲವೆಂದರೆ ಯಾವ ಕ್ಷಣದಲ್ಲಿ ಬೇಕಾದರೂ ನಿಲ್ಲಿಸಬಹುದು. ಕುಕ್ಕರ್ ಮೂರನೆಯ ಸಲ ಕೂಗಿದರೆ ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು ಎದ್ದು ಹೋದರಾಯಿತು.

ಮಿಷನ್ ಬಿಡಿ ಎಂದು ನಾನು ಹೇಳುತ್ತಿಲ್ಲ. 35 ಬ್ಲಾಕು ಮಿಷನ್ನಿನಲ್ಲಿಯೇ ಆಗಲಿ. ಆದರೆ ಮೂರು ಪದರವನ್ನು ಕೂಡಿಸುವ ಹೊಲಿಗೆಯನ್ನು ಕೈಗೆ ಇಟ್ಟುಕೊಳ್ಳಿ. ಜನವರಿಯ ಚಳಿಯಲ್ಲಿ ಕೌದಿಯ ಮುಗಿದ ಭಾಗ ಮಂಡಿಯ ಮೇಲೆ ಬೆಚ್ಚಗೆ ಬಿದ್ದಿರುತ್ತದೆ, ಪಕ್ಕದಲ್ಲಿ ಅತ್ತೆ ಮೆಣಸು ಬಿಡಿಸುತ್ತಾ ಮಾತಾಡುತ್ತಿರುತ್ತಾರೆ, ಇದಕ್ಕೆ ಬೇರೆ ಸಮಯವನ್ನು ಹುಡುಕುವ ಅಗತ್ಯವೇ ಬೀಳುವುದಿಲ್ಲ. ನಮ್ಮ ಅಜ್ಜಿ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಹಿಡಿ ಅಕ್ಕಿಯನ್ನೋ ರೊಟ್ಟಿಯ ಚೂರನ್ನೋ ಒಳಗೆ ಇಡುತ್ತಿದ್ದರು, ಕೌದಿಯ ಹೊಟ್ಟೆ ಹಸಿದಿರಬಾರದೆಂದು. ಕೊಡಗಿನಲ್ಲಿ ಇಲಿಯನ್ನು ನೆನೆದು ನಾನು ಅದನ್ನು ನಾಲ್ಕೇ ಕಾಳಿಗೆ ಇಳಿಸಿದ್ದೇನೆ.

ಥಂಡಿಗೆ ಸೂಜಿ ತುಕ್ಕು ಹಿಡಿಯುವುದರ ಬಗ್ಗೆಯೂ ಒಂದು ಮಾತು. ಸೂಜಿ ಚುಚ್ಚಿಡುವ ಸಣ್ಣ ದಿಂಬಿಗೆ ನಾನು ಕಾಫಿಯ ಚರಟವನ್ನು ತುಂಬಿದ್ದೇನೆ. ಬಾಣಲೆಯಲ್ಲಿ ಪೂರ್ತಿ ಹುರಿದು ಒಣಗಿಸಿಕೊಂಡಿರಬೇಕು, ಸ್ವಲ್ಪ ಹಸಿಯಿದ್ದರೂ ಅದಕ್ಕೇ ಬೂಷ್ಟು ಬರುತ್ತದೆ.

ಐದಲ್ಲ ಹತ್ತು ಸೆಂಟು, ವಿರಾಜಪೇಟೆ

ಮೇಡಂ, ನಾನು ಹೊಲಿಯುವವನಲ್ಲ, ಹೊಲಿಯುವವಳ ಗಂಡ. ಎರಡು ಉತ್ತರಗಳನ್ನೂ ಗಮನವಿಟ್ಟು ಓದಿದೆ. ಕೌದಿಯ ಬಗ್ಗೆ ಬೇಕಾದಷ್ಟು ತಿಳಿಯಿತು, ಆದರೆ ನಿಮ್ಮ ಭಾನುವಾರದ ಪಟ್ಟಿಯಲ್ಲಿ ನಿಮ್ಮ ಯಜಮಾನರ ಹೆಸರು ಮತ್ತು ಹೈಸ್ಕೂಲಿನ ಹುಡುಗನ ಹೆಸರು ಎಲ್ಲಿಯೂ ಬರದೇ ಇರುವುದನ್ನು ಯಾರೂ ಕೇಳಲಿಲ್ಲವಲ್ಲ ಎಂದು ಆಶ್ಚರ್ಯವಾಯಿತು.

ನಮ್ಮ ಮನೆಯಲ್ಲಿ ಇದೇ ವಿಷಯಕ್ಕೆ ಎರಡು ತಿಂಗಳು ಮುಖ ಊದಿಸಿಕೊಂಡಿದ್ದೆವು. ಈಗಿನ ಏರ್ಪಾಡು ಹೀಗಿದೆ: ಒಗೆಯುವ ಬಟ್ಟೆಯನ್ನು ಭಾನುವಾರಕ್ಕೆ ಕೂಡಿಡುವುದೇ ಇಲ್ಲ, ಬುಧವಾರ ಮತ್ತು ಶನಿವಾರ ರಾತ್ರಿ ನಾನು ವಾಷಿಂಗ್ ಮಿಷನ್ನಿಗೆ ಹಾಕಿ ಹರವುತ್ತೇನೆ. ಮಳೆಗಾಲದಲ್ಲಿ ಏಳು ದಿನದ ಬಟ್ಟೆ ಒಟ್ಟಿಗೆ ಒಗೆದರೆ ಒಣಗಿಸುವ ಹಗ್ಗ ಯಾರಿಗೂ ಸಾಲದು, ಇದು ಸರಳ ಗಣಿತ. ಭಾನುವಾರದ ಮಧ್ಯಾಹ್ನದ ಅಡುಗೆ ನನ್ನದು. ಪಂದಿಕರಿಯೊಂದು ನನಗೆ ಬರುತ್ತದೆ, ಮಿಕ್ಕದ್ದನ್ನು ಮಗಳು ಮಾಡುತ್ತಾಳೆ. ಪ್ರತಿ ವಾರವೂ ರುಚಿಯಾಗಿರುತ್ತದೆಂದು ಹೇಳಲಾರೆ. ತೋಟದ ಚರಂಡಿ, ಗೂಟ, ಗುದ್ದಲಿಯ ಕೆಲಸ ನನ್ನದು, ಬೀಜ ಮತ್ತು ಹೂವಿನ ಕುಂಡಗಳು ಅವಳವು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಕಿಟಕಿಯ ಬೆಳಕು ಚೆನ್ನಾಗಿರುವ ಹೊತ್ತು, ಆ ಮೂರು ಗಂಟೆ ಅವಳ ಹೊಲಿಗೆಗೆ ಬಿಟ್ಟದ್ದು. ನಾಲ್ಕು ಗಂಟೆಯ ಮಬ್ಬಿನಲ್ಲಿ, ದಣಿದ ಕಣ್ಣಿನಲ್ಲಿ ಹೊಲಿದದ್ದನ್ನು ಮರುವಾರ ಬಿಚ್ಚುವುದೇ ಒಂದು ಕೆಲಸವಾಗುತ್ತಿತ್ತು.

ಇನ್ನೊಂದು ಸಣ್ಣ ಸಲಹೆ: ಮಿಷನ್ನನ್ನು ಎತ್ತಿ ಇಳಿಸುವುದನ್ನು ನಿಲ್ಲಿಸಿ. ನಾವು ಮಲಗುವ ಕೋಣೆಯ ಕಿಟಕಿಯ ಕೆಳಗೆ ಎರಡು ಅಡಿ ಅಗಲದ ಹಲಗೆಯನ್ನು ಗೋಡೆಗೆ ಕೀಲು ಹಾಕಿ ಮಡಿಚುವಂತೆ ಮಾಡಿಸಿದೆವು. ಬಡಗಿಗೆ ಅರ್ಧ ದಿನದ ಕೆಲಸ.

ಮಳೆಗಾಲದ ಸೂಜಿ, ಮಡಿಕೇರಿ

ಮೂವರಿಗೂ ಧನ್ಯವಾದ. ವಿರಾಜಪೇಟೆಯ ಸಹೋದರರ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಯಜಮಾನರು ಪೇಪರಿನ ಹಿಂದಿನಿಂದ ಏನನ್ನೂ ಹೇಳಲಿಲ್ಲ, ಸಂಜೆ ಚರಂಡಿ ಬಿಡಿಸಲು ತಾವೇ ಇಳಿದರು.

ಟೀಚರಮ್ಮ, ಎರಡು ಸಂದೇಹಗಳಿವೆ. ಕೌದಿಯ ಅಡಿಪದರಕ್ಕೆ ಅಮ್ಮನ ಒಂದು ಸೀರೆಯನ್ನು ಪೂರ್ತಿಯಾಗಿ ಬಳಸಬೇಕೆಂದಿದೆ, ಸಾಕಾಗುತ್ತದೆಯೇ? ಕತ್ತರಿಸಿಟ್ಟ ಚೌಕಗಳನ್ನು ಈ ಥಂಡಿಯಲ್ಲಿ ಎಲ್ಲಿ ಇಡುವುದು?

ನಿವೃತ್ತ ಟೀಚರ್, ಸೋಮವಾರಪೇಟೆ

ಧಾರಾಳವಾಗಿ ಸಾಕು. ಐದೂವರೆ ಮೀಟರಿನ ಸೀರೆಯೆಂದರೆ ಸುಮಾರು 216 ಇಂಚು, ಅಗಲ ಸುಮಾರು 45 ಇಂಚು. 90 ಇಂಚಿನ ಎರಡು ತುಂಡುಗಳನ್ನು ಉದ್ದಕ್ಕೆ ಕೂಡಿಸಿದರೆ ನಡುವಿನ ಹೊಲಿಗೆ ಕಳೆದು ಹೆಚ್ಚುಕಡಿಮೆ 90 ಇಂಚಿನ ಚೌಕವೇ ಸಿಗುತ್ತದೆ. ನಿಮಗೆ ಬೇಕಾದದ್ದು 60ಕ್ಕೆ 84, ಸುತ್ತಲೂ ಮೂರು ಇಂಚು ಹೆಚ್ಚಿಗೆ ಇಟ್ಟುಕೊಂಡರೂ ಬಟ್ಟೆ ಉಳಿಯುತ್ತದೆ. ಉಳಿದ ಒಂದು ಗಜದಲ್ಲಿ ಅಂಚುಪಟ್ಟಿ ಕತ್ತರಿಸಿಕೊಳ್ಳಿ. ಆದರೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಿಕೆಯಲ್ಲಿ ಜಾಳಾಗಿದ್ದರೆ ಅದು ಅಡಿಪದರದ ಎಳೆತವನ್ನು ತಡೆಯದು, ಚೌಕಕ್ಕೇ ಸರಿ. ಕೆಂಪು, ಮರೂನ್ ಬಣ್ಣದ ತುಂಡುಗಳನ್ನು ಮೊದಲೇ ಬೇರೆಯಾಗಿ ನೆನೆಸಿ ಬಣ್ಣ ಬಿಡುತ್ತದೆಯೋ ಎಂದು ಪರೀಕ್ಷಿಸಿ.

ಚೌಕಗಳನ್ನು ಸ್ಟೀಲ್ ಡಬ್ಬಿಯಲ್ಲಿ, ಇಸ್ತ್ರಿ ಮಾಡಿ ಬಿಸಿ ಪೂರ್ತಿ ಆರಿದ ಮೇಲೆ ಇಡಿ. ಬೀರುವಿನಲ್ಲಿ ಬಲ್ಬು ಉರಿಸಿಡುವ ಪದ್ಧತಿ ನಮ್ಮ ಕಡೆ ಇದೆ. ಬಟ್ಟೆ ತಗಲದಂತೆ ಜಾಲರಿ ಇಲ್ಲದಿದ್ದರೆ ಅದರ ಸಹವಾಸ ಬೇಡ. ಆಗಸ್ಟ್ 3ಕ್ಕೆ ನೇರಳೆ ರಸ ಬಿಡುವ ಮದ್ದು ಸೊಪ್ಪಿನ ಪಾಯಸ ಮಾಡುವ ದಿನ ಮಾತ್ರ ಬಿಳಿ ತುಂಡುಗಳನ್ನು ಅಡುಗೆಮನೆಯ ಹತ್ತಿರಕ್ಕೂ ಒಯ್ಯಬೇಡಿ, ಆ ನೇರಳೆ ಬಣ್ಣಕ್ಕೆ ಎಂಜಲಿನ ಉಪಾಯ ನಡೆಯುವುದಿಲ್ಲ.

ಮಳೆಗಾಲದ ಸೂಜಿ, ಮಡಿಕೇರಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಬ್ಲಾಕು 9ರಿಂದ 24ಕ್ಕೆ ಬಂದಿದೆ. ಬುಧವಾರದ ಒಗೆತ ಮಗನ ಪಾಲಿಗೆ ಬಂದಿದೆ. ಎರಡು ಸಲ ಮರೆತ, ಒಂದು ಸಲ ಯೂನಿಫಾರಂನೊಂದಿಗೆ ನನ್ನ ನೀಲಿ ತುಂಡುಗಳನ್ನೂ ಸೇರಿಸಿ ಹಾಕಿದ. ಹಲಗೆಯನ್ನು ಇನ್ನೂ ಮಾಡಿಸಿಲ್ಲ, ಬಡಗಿ ಕೈಲ್ ಪೊಳ್ದ್ ಕಳೆಯಲಿ ಎಂದಿದ್ದಾನೆ. ತೋಟವನ್ನು ಬೇಕೆಂದೇ ಕಣ್ಣೆತ್ತಿ ನೋಡದೆ ಬಿಟ್ಟಿದ್ದೇನೆ, ಕಳೆ ಮೊಣಕಾಲಿಗೆ ಬಂದಿದೆ, ಅದರ ನಡುವೆ ಡೇಲಿಯಾ ತನ್ನ ಪಾಡಿಗೆ ಅರಳಿದೆ.

ಕಂದು ಕಲೆ ಹೋಗಲಿಲ್ಲ. ಆ ತುಂಡನ್ನು ತೆಗೆಯಲು ನಾಲ್ಕು ಹೊಲಿಗೆ ಬಿಚ್ಚಬೇಕಿತ್ತು. ಅತ್ತೆ ಅದನ್ನು ಕೈಗೆತ್ತಿಕೊಂಡು, ತಮ್ಮ ಹಳೆಯ ರವಿಕೆಯಿಂದ ಒಂದು ಎಲೆಯ ಆಕಾರ ಕತ್ತರಿಸಿ ಕಲೆಯ ಮೇಲೆ ಕೂರಿಸಿ ಹೆಮ್ಮಿಂಗ್ ಮಾಡಿದರು. ಈಗ ಇನ್ನೆರಡು ಬ್ಲಾಕುಗಳ ಮೇಲೆಯೂ ಎಲೆ ಬೇಕೆನ್ನುತ್ತಿದ್ದಾರೆ, ಇಲ್ಲದಿದ್ದರೆ ಒಂದೇ ಕಡೆ ಕಂಡು ಕಲೆ ಮುಚ್ಚಿದ್ದೆಂದು ಗೊತ್ತಾಗುತ್ತದಂತೆ. ಹಳಿಯಾಳದ ಅಕ್ಕ, ಜನವರಿಯಲ್ಲಿ ಮೂರು ಪದರ ಹೊಲಿಯುವಾಗ ಆ ಎಲೆಗಳ ಮೇಲೆಯೇ ಹೊಲಿಗೆಯ ಸಾಲನ್ನು ಓಡಿಸಬೇಕೆ, ಸುತ್ತು ಹಾಕಿ ಹೋಗಬೇಕೆ?

ಹಳಿಯಾಳದ ಮಗಳು, ಕುಶಾಲನಗರದ ಸೊಸೆ

ಸುತ್ತು ಹಾಕಿ. ಎಲೆಯ ಅಂಚಿನಿಂದ ಒಂದು ಭತ್ತದ ಕಾಳಿನಷ್ಟು ದೂರದಲ್ಲಿ ಸುತ್ತಿ ಬಂದರೆ ಎಲೆ ಉಬ್ಬಿ ನಿಲ್ಲುತ್ತದೆ. ಮೇಲೆಯೇ ಹೊಲಿದರೆ ಚಪ್ಪಟೆಯಾಗುತ್ತದೆ, ನಿಮ್ಮ ಅತ್ತೆಗೆ ಅದು ಹಿಡಿಸಲಾರದು.